ಮಾವನವರ ಮೋಟಾರಿನ ಮುಳ್ಳು

ನಾನು ಹುಕ್ಕೇರಿಯ ಮನೆಗೆ ಸೊಸೆಯಾಗಿ ಬಂದಾಗ ನನ್ನ ಮಾವನವರ ಕಿವಿ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿತ್ತು. ಗುಡುಗು ಕೇಳುತ್ತಿತ್ತು, ಬಾಗಿಲನ್ನು ಜೋರಾಗಿ ಹಾಕಿದರೆ ತಿರುಗಿ ನೋಡುತ್ತಿದ್ದರು. ಮಾತು ಮಾತ್ರ ಕೇಳುತ್ತಿರಲಿಲ್ಲ. ಹತ್ತಿ, ಮೆಣಸಿನಕಾಯಿ ವ್ಯಾಪಾರದ ಜೈನರ ಮನೆ ನಮ್ಮದು. ಪೇಟೆಯಲ್ಲಿ ಎದುರಿನವರ ತುಟಿ ನೋಡಿಯೇ ಅವರು ವ್ಯವಹಾರ ಮುಗಿಸಿಕೊಂಡು ಬರುತ್ತಿದ್ದರು. ಮನೆಯಲ್ಲಿ ಎಲ್ಲರೂ ಅವರೊಡನೆ ಕೂಗಿ ಮಾತಾಡುತ್ತಿದ್ದರು. ಕೂಗಿ ಕೂಗಿ ಎಲ್ಲ ಮಾತೂ ಜಗಳದ ಹಾಗೆ ಆಗಿಬಿಟ್ಟಿತ್ತು. "ಊಟಕ್ಕ ಬರ್ರಿ" ಅನ್ನುವುದನ್ನೂ ನಮ್ಮ ಅತ್ತೆ ಬೈದಂತೆಯೇ ಹೇಳುತ್ತಿದ್ದರು.

ಹೊಸ ಸೊಸೆ ಮಾವನೆದುರು ಬಾಯಿ ತೆರೆಯುವ ಪದ್ಧತಿ ಆಗ ಇರಲಿಲ್ಲ. ನನ್ನ ಯಜಮಾನರು ಬೆಳಗಾವಿಯಲ್ಲಿ ನೌಕರಿಯಲ್ಲಿದ್ದರು, ಶನಿವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾವು ಮೂವರೇ. ನಾನು ಗೋಕಾಕದ ಸಾಲಿ ಮಾಸ್ತರರ ಮಗಳು. ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ನಾನು ಕಲಿತ ಪಾಟಿಯೂ ಬಳಪವೂ ಬಂದಿದ್ದವು. ಒಂದು ದಿನ ಅತ್ತೆ ಬಸದಿಗೆ ಹೋಗಿದ್ದಾಗ ದಡ್ಡಿ ಊರಿನ ಕಡೆಯಿಂದ ಒಬ್ಬ ಆಳು ಓಡುತ್ತ ಬಂದ. ಮೆಣಸಿನಕಾಯಿ ಹೇರಿದ ಚಕ್ಕಡಿಯ ಅಚ್ಚು ಮುರಿದು ದಾರಿಯಲ್ಲೇ ನಿಂತಿತ್ತು. ಅವನು ಎಷ್ಟು ಕೂಗಿದರೂ ಮಾವನವರಿಗೆ ತಿಳಿಯಲಿಲ್ಲ. ಅವನ ದಟ್ಟ ಮೀಸೆಯಡಿ ತುಟಿಗಳೇ ಕಾಣುತ್ತಿರಲಿಲ್ಲ. ನಾನು ಒಳಗಿನಿಂದ ಪಾಟಿ ತಂದು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಬರೆದು ತೋರಿಸಿದೆ: "ಮೆಣಸಿನಕಾಯಿಯ ಬಂಡಿಯ ಅಚ್ಚು ಮುರಿದಿದೆ. ಬೇರೆ ಬಂಡಿ ಕಳುಹಿಸಬೇಕಂತೆ."

ಮಾವನವರು ಓದಿದರು. ನನ್ನನ್ನು ನೋಡಿದರು. ನಗತೊಡಗಿದರು.

"ಸರಕಾರಿ ಹುಕುಂ ಬಂದಂಗ ಬರೀತಿಯಲ್ಲವಾ!"

ಅತ್ತೆಗೆ ಸಂಜೆ ವಿಷಯ ತಿಳಿಯಿತು. "ಮಾವನ ಕೂಡ ಮಾತಾಡಿದಿಯೇನಬೇ?" ಎಂದು ಕೇಳಿದರು.

"ಮಾತಾಡಿಲ್ಲರಿ ಅತ್ತೇರ, ಬರದೇನಿ."

 ಬರೆಯಬಾರದು ಅಂತ ಅತ್ತೆಗೂ ಯಾರೂ ಹೇಳಿರಲಿಲ್ಲ. ಅಂದಿನಿಂದ ಆ ಪಾಟಿ ಪಡಸಾಲೆಯ ಗೂಟಕ್ಕೆ ಬಂತು.

ಆ ಹೊತ್ತಿಗಾಗಲೇ ಮಾವನವರ ಮೋಟಾರು ಬಂದು ಒಂದು ವರ್ಷವಾಗಿತ್ತು. ಕಾಲುವೆ ಖಾತೆಯ ಇಂಜಿನಿಯರರೊಬ್ಬರು ನೌಕರಿ ಮುಗಿಸಿ ಊರಿಗೆ ಹೋಗುವಾಗ ಕೊಟ್ಟು ಹೋದ ಹಳೆಯ ವಿಲಾಯತಿ ಗಾಡಿ ಅದು. ಕಡುಹಸಿರು ಬಣ್ಣ, ಕ್ಯಾನ್ವಾಸಿನ ಛತ್ತು, ಎರಡು ದೊಡ್ಡ ಹಿತ್ತಾಳೆ ದೀಪ. ಆ ಇಂಜಿನಿಯರರಿಗೆ ಎಲ್ಲವನ್ನೂ ಅಳೆಯುವ ಹುಚ್ಚು ಇತ್ತೆಂದು ಕಾಣುತ್ತದೆ. ಚಾಲಕನೆದುರಿನ ಹಲಗೆಯ ಮೇಲೆ ಗಡಿಯಾರದಂಥ ಬಿಲ್ಲೆಗಳನ್ನು ಸಾಲಾಗಿ ಕೂರಿಸಿದ್ದರು. ಅವುಗಳಲ್ಲಿ ಒಂದು ಇಂಜಿನಿನ ಎಣ್ಣೆ ಎಷ್ಟು ಕಾದಿದೆ ಎಂದು ತೋರಿಸುವುದು. ಬಿಲ್ಲೆಯ ಅಂಚಿನಲ್ಲಿ ಒಂದು ಕೆಂಪು ಗೀಟು. ನಮ್ಮ ಮನೆಯಲ್ಲಿ ಅದಕ್ಕೆ 'ಎಣ್ಣಿ ಮುಳ್ಳು' ಎಂದೇ ಹೆಸರು.

ಬೇರೆಯವರು ಮೋಟಾರು ಹೊಡೆಯುವಾಗ ಇಂಜಿನಿನ ಸದ್ದು ಕೇಳುತ್ತಾರೆ. ಸದ್ದು ಬದಲಾದರೆ ನಿಲ್ಲಿಸುತ್ತಾರೆ. ಮಾವನವರಿಗೆ ಆ ದಾರಿ ಇರಲಿಲ್ಲ. ಅವರು ಎಣ್ಣಿ ಮುಳ್ಳು ನೋಡಿಕೊಂಡೇ ಹೊಡೆಯುತ್ತಿದ್ದರು. "ಎಣ್ಣಿ ಕಾದು ನೀರಾತಂದ್ರ ಇಂಜಿನ್ ಹಿಡಕೊಂಡ ಬಿಡತೈತಿ. ಮುಗೀತ ಆಮ್ಯಾಲ" ಎನ್ನುತ್ತಿದ್ದರು. ಗೋಕಾಕದ ಪೇಟೆಗೆ ಹೋಗಿಬರುವ ದಿನ ಅವರ ಮುಖವೇ ಬೇರೆಯಾಗಿರುತ್ತಿತ್ತು. ಮೋಟಾರಿನಲ್ಲಿ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ, ಯಾರಿಗೂ ಅವರು 'ಆಂ? ಆಂ?' ಎನ್ನಬೇಕಾಗಿರಲಿಲ್ಲ.

ಆ ವರ್ಷ ಬೇಸಿಗೆ ಶುರುವಾಗುತ್ತಿದ್ದಂತೆ ಮುಳ್ಳು ಕೆಂಪು ಗೀಟಿಗೆ ಏರತೊಡಗಿತು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಏರಿ ನಿಲ್ಲುತ್ತಿತ್ತು. ಮಾವನವರು ಗಾಡಿಯನ್ನು ಬೇವಿನ ನೆರಳಿಗೆ ಹಾಕಿ, ಬಾನೆಟ್ ತೆರೆದಿಟ್ಟು, ಅದು ಇಳಿಯುವವರೆಗೆ ಕಾಯುತ್ತಿದ್ದರು. ಮತ್ತೆ ಸ್ವಲ್ಪ ದೂರ, ಮತ್ತೆ ನೆರಳು. ಮಧ್ಯಾಹ್ನಕ್ಕೆ ಬರಬೇಕಾದವರು ಹೊತ್ತು ಮುಳುಗಿದ ಮೇಲೆ ಬರುತ್ತಿದ್ದರು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಊಟವಿಲ್ಲ. ಅವರು ನೀರೂ ಮುಟ್ಟದೆ ಮಲಗುತ್ತಿದ್ದರು. ಅತ್ತೆ ಜೋಳದ ರೊಟ್ಟಿ, ಪಲ್ಯ ಬಡಿಸಿಟ್ಟುಕೊಂಡು ಹೊಸ್ತಿಲಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಬಿಸಿಲು ಎದುರು ಮನೆಯ ಮಾಳಿಗೆ ಬಿಟ್ಟು ಹೋಗುವವರೆಗೂ ನೋಡಿ, ತಾವೂ ಉಣ್ಣದೆ ಎಲ್ಲವನ್ನೂ ದನಕ್ಕೆ ಹಾಕುತ್ತಿದ್ದರು. ಮಾವನವರು ಬಂದ ಮೇಲೆ ಅತ್ತೆ ಕೂಗಾಡುತ್ತಿದ್ದರು. ಆ ಕೂಗಾಟ ಮಾವನವರಿಗೆ ಎಷ್ಟು ಕೇಳುತ್ತಿತ್ತೋ.

ಗೋಕಾಕದಿಂದ ಒಬ್ಬ ಮೋಟಾರು ದುರಸ್ತಿಯವರನ್ನು ಕರೆಸಿದರು. ಅವರು ಎಣ್ಣೆ ಬದಲಿಸಿದರು, ನೀರಿನ ಟಾಕಿ ತೊಳೆದರು, ಫ್ಯಾನಿನ ಪಟ್ಟಿ ಬಿಗಿ ಮಾಡಿದರು. ಮುಳ್ಳು ಮತ್ತೆ ಕೆಂಪಿಗೇ ಹೋಯಿತು. "ಇನ್ನ ಇಂಜಿನ್ ಬಿಚ್ಚೇ ನೋಡಬೇಕ್ರಿ. ಬಿಚ್ಚಿದ ಮ್ಯಾಲ ಸಾಮಾನು ಮುಂಬೈಯಿಂದ ಬರಬೇಕು, ಯಾವಾಗ ಬರತೈತಿ ಹೇಳಾಕ ಬರೂದಿಲ್ಲ" ಎಂದರು ಪ್ರಾಮಾಣಿಕವಾಗಿ. ಮಾವನವರು ಬೇಡವೆಂದರು. ಮೋಟಾರಿಗೆ ಒಂದು ಹಳೆಯ ಜಮಖಾನೆ ಹೊದಿಸಿ, ಕೊಟ್ಟಿಗೆಯ ಬಾಜೂಕಿನ ತಗಡಿನ ಮಾಡಿನಡಿ ನಿಲ್ಲಿಸಿದರು.

ಆಮೇಲೆ ಅವರು ಪೇಟೆಗೂ ಹೋಗುವುದನ್ನು ಕಡಿಮೆ ಮಾಡಿದರು. ಮಧ್ಯಾಹ್ನ ಊಟವಾದ ಮೇಲೆ ಮೋಟಾರಿನ ಮೆಟ್ಟಿಲಿನ ಮೇಲೆ ಕೂತು ಸುಮ್ಮನೆ ಅಡಿಕೆ ಕತ್ತರಿಸುತ್ತಿದ್ದರು. ಆಗ ನನಗೆ ಅವರ ಬಗ್ಗೆ ಆದ ಸಂಕಟ ನನ್ನ ತಂದೆಯ ಬಗ್ಗೆಯೂ ಎಂದೂ ಆಗಿರಲಿಲ್ಲ. ಗಾಡಿ ಹಾಳಾಗಿದ್ದಕ್ಕಲ್ಲ. ಇನ್ನು ಉಳಿದ ದಿನವೆಲ್ಲ ಈ ಮನುಷ್ಯ ಕೂಗುವವರ ನಡುವೆಯೇ ಕೂತಿರಬೇಕಲ್ಲ ಎಂದು.

ಬ್ಯಾಟರಿ ಸತ್ತುಹೋಗಬಾರದೆಂದು ವಾರಕ್ಕೊಮ್ಮೆ ಅವರು ಗಾಡಿಯನ್ನು ಬಸದಿಯವರೆಗೆ ಒಯ್ದು ತರುತ್ತಿದ್ದರು. ಹಾಗೆ ತಂದು ನಿಲ್ಲಿಸಿದ ಒಂದು ದಿನ ನಾನು ನೀರಿನ ಟಾಕಿಗೆ ಕೊಡ ಹಿಡಿದು ಹೋದೆ. ಬಾನೆಟ್ ತೆರೆದಿತ್ತು. ಮುಳ್ಳು ಕೆಂಪಿನ ಹತ್ತಿರ ನಿಂತಿತ್ತು. ಕೊಡ ಇಳಿಸಿ ಏಳುವಾಗ ಆಯ ತಪ್ಪಿ, ಇಂಜಿನಿನ ತಳದಲ್ಲಿರುವ ಎಣ್ಣೆಯ ತೊಟ್ಟಿಗೆ ಕೈ ಊರಿದೆ. ಸುಟ್ಟೇ ಹೋಯಿತೆಂದು ಚೀರಿದೆ. ಆದರೆ ಸುಟ್ಟಿರಲಿಲ್ಲ. ಸಣ್ಣ ಜ್ವರ ಬಂದ ಕೂಸಿನ ಹಣೆಯಷ್ಟು ಬೆಚ್ಚಗಿತ್ತು, ಅಷ್ಟೇ. ಮತ್ತೊಮ್ಮೆ, ಬೇಕೆಂದೇ ಕೈ ಇಟ್ಟು ನೋಡಿದೆ.

ಪಾಟಿ ತಂದು ಬರೆದೆ: "ಎಣ್ಣೆ ಕಾದಿಲ್ಲ."

ಮಾವನವರು ಓದಿ ಮುಳ್ಳಿನತ್ತ ಬೆರಳು ಮಾಡಿದರು. "ಇದು ಸುಳ್ಳ ಹೇಳತೈತೇನು?"

 ಅವರ ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು.

"ಮಂದಿ ಒಂದ ಹೇಳತಾರ, ನನಗ ಒಂದ ತಿಳೀತೈತಿ. ಅವರ ಒಳಗೊಳಗ ನಗತಾರ. ಇದು ಹಂಗ ಮಾಡೂದಿಲ್ಲವಾ. ಇದೊಂದ ನನಗ ಸರಿಯಾಗಿ ಹೇಳೂದು."

ಮರುದಿನ ಬೆಳಗ್ಗೆ ಸಗಣಿ ಸಾರಿಸಿ ಬರುವಾಗ ನನಗೆ ತಡೆಯಲಾಗಲಿಲ್ಲ. ಜಮಖಾನೆ ಸರಿಸಿ ಒಳಗೆ ಹಣಿಕಿದೆ. ಗಾಡಿ ರಾತ್ರಿಯೆಲ್ಲ ನಿಂತು ತಣ್ಣಗೆ ಕಲ್ಲಾಗಿತ್ತು. ಉಳಿದ ಮುಳ್ಳುಗಳೆಲ್ಲ ಕೆಳಗೆ ಬಿದ್ದಿದ್ದವು. ಎಣ್ಣಿ ಮುಳ್ಳು ಮಾತ್ರ ಅರ್ಧಕ್ಕೆ ಎದ್ದು ನಿಂತಿತ್ತು. ನಾನು ಓಡಿಹೋಗಿ ಪಾಟಿ ತಂದೆ. ಮಾವನವರು ಹಲ್ಲು ತಿಕ್ಕುತ್ತಿದ್ದರು. "ತಣ್ಣಗಿದ್ದಾಗಲೂ ಮುಳ್ಳು ಅರ್ಧಕ್ಕೆ ಇದೆ, ಬಂದು ನೋಡಿರಿ" ಎಂದು ಬರೆದು ತೋರಿಸಿದೆ.

ಅವರು ಬೇವಿನ ಕಡ್ಡಿಯನ್ನು ಬಾಯಲ್ಲಿಟ್ಟುಕೊಂಡೇ ಬಂದರು. ಬಗ್ಗಿ ನೋಡಿದರು. ಬಿಲ್ಲೆಯ ಗಾಜನ್ನು ಉಗುರಿನಿಂದ ತಟ್ಟಿದರು. ಮುಳ್ಳು ಅಲುಗಲಿಲ್ಲ. ಇಂಜಿನಿಗೆ ಕೈಯಿಟ್ಟರು. 

"ಖರೆ ಐತಿ" ಎಂದರು ಕೊನೆಗೆ. ಆಮೇಲೆ ಎಳೆಯರ ಹಾಗೆ ಉತ್ಸಾಹದಿಂದ, "ಶೆಗಡಿ ಹಚ್ಚು ಹೋಗು. ಒಂದ ಭಾಂಡೆ ನೀರ ಇಡು. ಇನ್ನೊಂದರಾಗ ಹರವಿ ನೀರ ತಾ" ಎಂದರು.

ಆ ಉಪಕರಣದ ಬಗೆ ಹೀಗಿತ್ತು. ಎಣ್ಣೆಯ ತೊಟ್ಟಿಯಲ್ಲಿ ಬೆರಳಿನಷ್ಟು ಹಿತ್ತಾಳೆಯ ಕೊಳವೆ ಮುಳುಗಿರುತ್ತದೆ. ಅದರಿಂದ ದಾರದಷ್ಟು ತೆಳ್ಳಗಿನ ತಾಮ್ರದ ನಳಿಗೆ ಹೊರಟು ಬಿಲ್ಲೆಯ ಹಿಂಭಾಗಕ್ಕೆ ಸೇರುತ್ತದೆ. ಕೊಳವೆ ಕಾದಂತೆ ಅದರೊಳಗಿನ ಆವಿ ಹಿಗ್ಗಿ ಮುಳ್ಳನ್ನು ತಳ್ಳುತ್ತದೆ. ಮಾವನವರು ಎಣ್ಣೆಯನ್ನೆಲ್ಲ ಒಂದು ಪಾತ್ರೆಗೆ ಇಳಿಸಿಕೊಂಡು, ಪಾನಾ ಹಾಕಿ ತಿರುಗಿಸಿ ಆ ಕೊಳವೆಯನ್ನು ಹೊರಗೆ ತೆಗೆದರು. ನಳಿಗೆ ಬಾನೆಟ್ಟಿನ ಅಂಚಿನವರೆಗೆ ಮಾತ್ರ ಬರುತ್ತಿತ್ತು. ಆದ್ದರಿಂದ ಇದ್ದಲಿನ ಶೆಗಡಿಯನ್ನೇ ಗಾಡಿಯ ಹತ್ತಿರ ಒಂದು ಸ್ಟೂಲಿನ ಮೇಲೆ ಏರಿಸಿದೆವು. ಎಣ್ಣೆ ಇಳಿಸಿದ್ದು ತಮ್ಮ ಹಪ್ಪಳದ ಹಿಟ್ಟಿನ ಪಾತ್ರೆಗೆ ಎಂದು ಗೊತ್ತಾದಾಗ ಅತ್ತೆ ಅಂಗಳದಲ್ಲಿ ನಿಂತು ಏನೇನೋ ಅಂದರು. ಮಾವನವರು ಬೆನ್ನು ತಿರುಗಿಸಿದ್ದರಿಂದ ಅವರಿಗೆ ಏನೂ ತಿಳಿಯಲಿಲ್ಲ. ಅಂದು ಅದೊಂದು ಅನುಕೂಲವೇ ಆಯಿತು.

ಮೊದಲು ಹರವಿಯ ತಣ್ಣೀರಿನಲ್ಲಿ ಕೊಳವೆ ಅದ್ದಿದರು. ನಾನು ಒಳಗೆ ಬಿಲ್ಲೆಯೆದುರು ನಿಂತು ನೋಡುತ್ತಿದ್ದೆ. ಮುಳ್ಳು ಅರ್ಧದಲ್ಲೇ ನಿಂತಿತು. ಆಮೇಲೆ ಕುದಿಯುವ ನೀರಿಗೆ ಹಾಕಿದರು. ಮುಳ್ಳು ನಿಧಾನವಾಗಿ ಏರಿತು, ಕೆಂಪು ಗೀಟು ದಾಟಿತು, ಆಚೆಯ ತಡೆಗೆ ಹೋಗಿ ಮುಟ್ಟಿತು. ಮತ್ತೆ ತಣ್ಣೀರಿಗೆ ಹಾಕಿದರೆ ಮತ್ತೆ ಅರ್ಧಕ್ಕೆ ಇಳಿಯಿತು. ಪಾಟಿಯ ಮೇಲೆ ನಾನು ಬಿಲ್ಲೆಯ ಚಿತ್ರ ಬರೆದು, ಮುಳ್ಳು ನಿಂತ ಜಾಗಗಳಿಗೆ ಗೀಟು ಹಾಕಿ ತೋರಿಸಿದೆ. ನೀರು ಕುದಿಯುವ ಬಿಸಿ ಎಷ್ಟೆಂದು ಸಾಲಿಯಲ್ಲಿ ನಮಗೆ ಕಲಿಸಿದ್ದರು. ಆ ಅಂಕಿ ಬಿಲ್ಲೆಯ ಮೇಲೂ ಇತ್ತು, ಕೆಂಪು ಗೀಟಿನ ಈಚೆಗೆ.

ಮಾವನವರು ಚಿತ್ರ ನೋಡಿದರು. "ಮುಳ್ಳು ಓಡಾಡೂದು ಬರೋಬ್ಬರಿ ಐತಿ" ಎಂದರು. "ಹೊರಡೂ ಜಾಗಾ ತಪ್ಪೈತಿ. ಕೀಲಿನ ಮ್ಯಾಲ ಜಾರಿ ಕುಂತೈತಿ ಇದು." ಕಲ್ಲುರಸ್ತೆಯಲ್ಲಿ ಯಾವುದೋ ಗುಂಡಿಗೆ ಗಾಡಿ ಬಿದ್ದ ಕುಲುಕಿಗೆ ಹಾಗಾಗಿರಬೇಕು. ಇಂಜಿನಿಗೆ ಏನೂ ಆಗಿರಲಿಲ್ಲ. ಬೇಸಿಗೆಯಿಡೀ ಆರೋಗ್ಯವಾಗಿದ್ದ ಗಾಡಿಯನ್ನು ಅವರು ರೋಗಿಯ ಹಾಗೆ ನೋಡಿಕೊಂಡಿದ್ದರು.

ಬಿಲ್ಲೆಯ ಗಾಜನ್ನು ಹಿಡಿದಿದ್ದ ಲೋಹದ ಬಳೆ ಗಟ್ಟಿಯಾಗಿ ಕೂತುಬಿಟ್ಟಿತ್ತು. ನಮ್ಮ ಕೈಯಲ್ಲಿ ತೆರೆಯಲು ಹೋದರೆ ಗಾಜು ಒಡೆಯುತ್ತಿತ್ತು. ಗೋಕಾಕದಲ್ಲಿ ಗಡಿಯಾರ ದುರಸ್ತಿ ಮಾಡುವವರಿಗೆ ಕೊಡೋಣವೆಂದು ಮಾವನವರು ಬಿಲ್ಲೆ, ನಳಿಗೆ, ಕೊಳವೆ ಮೂರನ್ನೂ ಒಟ್ಟಿಗೆ ಬಿಚ್ಚಿ ಅರಿವೆಯಲ್ಲಿ ಸುತ್ತಿಟ್ಟರು. ತೊಟ್ಟಿಯ ತೂತಿಗೆ ಒಂದು ಬೋಲ್ಟು ಹಾಕಿ ಬಿಗಿದು ಎಣ್ಣೆ ತುಂಬಿದರು.

ಎರಡು ದಿನ ಕಳೆದಿರಬೇಕು. ಮುಂಜಾನೆಯ ಊಟದ ಹೊತ್ತಿಗೆ ಮೂಡಲಗಿಯಿಂದ ನನ್ನ ನಾದಿನಿಯ ಮೈದುನ ಸೈಕಲ್ ಮೇಲೆ ಬಂದ. ನಾದಿನಿ ಎಂದರೆ ಮಾವನವರ ಒಬ್ಬಳೇ ಮಗಳು, ಚೊಚ್ಚಲ ಬಸುರಿ. ಕಾಲು ಬಾತಿದ್ದರಿಂದ ಪ್ರಯಾಣ ಬೇಡವೆಂದು ಬಾಣಂತನಕ್ಕೆ ತವರಿಗೆ ಕರೆತಂದಿರಲಿಲ್ಲ. ನಿನ್ನೆಯಿಂದ ಬ್ಯಾನಿ ತಿನ್ನುತ್ತಿದ್ದಾಳೆ, ಊರಿನ ಸೂಲಗಿತ್ತಿ ತನ್ನಿಂದ ಆಗದು ಎಂದಿದ್ದಾಳೆ, ಗೋಕಾಕದಿಂದ ನರ್ಸಬಾಯಿಯನ್ನು ಮೋಟಾರಿನಲ್ಲಿ ಕರೆದುಕೊಂಡೇ ಬರಬೇಕು ಎಂದ. ನಾನು ಬರೆಯುವಷ್ಟರಲ್ಲಿ ಮಾವನವರು ಅವನ ಮುಖ ನೋಡಿಯೇ ತಿಳಿದುಕೊಂಡಿದ್ದರು.

ಮೋಟಾರಿನ ಮೇಲಿನ ಜಮಖಾನೆ ಎಳೆದು, ಒಳಗೆ ಕೂತು, ಅವರು ಎದುರಿನ ಹಲಗೆಗೆ ಕೈಯಿಟ್ಟರು. ಎಣ್ಣಿ ಮುಳ್ಳು ಇದ್ದಲ್ಲಿ ದುಂಡನೆಯ ತೂತು.

"ಏನೂ ಕೇಳೂದಿಲ್ಲ, ಏನೂ ಕಾಣೂದಿಲ್ಲ. ಹೆಂಗ ಹೊಡೀಲಿ? ಅಡವ್ಯಾಗ ಇಂಜಿನ್ ಹಿಡಕೊಂಡ ನಿಂತರ ನನ್ನ ಮಗಳ ಗತಿ ಏನು?" ಎಂದರು. 

ಅತ್ತೆ ಗಂಟು ಹಿಡಿದುಕೊಂಡು ಬಂದವರು ಅದನ್ನು ಕೇಳಿದರು. ನನ್ನತ್ತ ತಿರುಗಿದರು.

"ನಿನಗ ಕಿವಿ ಅದಾವಿಲ್ಲ?"

"ಅದಾವ್ರಿ."

"ಮತ್ತ ಮುಂದ ಕುಂದ್ರು."

ಮಾವನ ಬಾಜೂಕ ಸೊಸೆ, ಅದೂ ಹಗಲು ಹೊತ್ತಿನಲ್ಲಿ, ಪೇಟೆಯ ನಡುವೆ! "ಮಂದಿ ನೋಡತಾರ್ರಿ ಅತ್ತೇರ" ಎಂದೆ.

"ನೋಡ್ಲಿ. ಹತ್ತಬೇ, ಹೊತ್ತಾಗತೈತಿ!"

ಹತ್ತಿದೆ. ಸನ್ನೆಗಳನ್ನು ಅಲ್ಲಿಯೇ ಗೊತ್ತುಮಾಡಿಕೊಂಡೆವು. ಎದುರಿನ ಹಲಗೆಯ ಮೇಲೆ ನನ್ನ ಅಂಗೈ ಹರಡಿದ್ದರೆ ಎಲ್ಲ ಸರಿ, ಮುಷ್ಟಿ ಹಿಡಿದು ಎತ್ತಿದರೆ ನಿಲ್ಲಿಸಬೇಕು. ಆ ಗಾಡಿಯ ಸದ್ದು ನನಗೆ ಹೊಸದಲ್ಲ. ಎಷ್ಟೋ ಸಂಜೆ ಅತ್ತೆಯ ಹಿಂದೆ ನಿಂತು ದೂರದಿಂದಲೇ ಅದನ್ನು ಗುರುತು ಹಿಡಿಯುತ್ತಿದ್ದೆ. ಈಗ ಕಣ್ಣುಮುಚ್ಚಿ ಕೇಳುತ್ತ ಕೂತೆ. ಊರು ದಾಟುವಾಗ ಯಾರು ನೋಡಿದರೋ ನನಗೆ ಗೊತ್ತಿಲ್ಲ.

ಗೋಕಾಕದಲ್ಲಿ ನರ್ಸಬಾಯಿ ಊಟಕ್ಕೆ ಕೂತಿದ್ದರು. ಅತ್ತೆ ಒಳಗೆ ಹೋಗಿ ಎರಡು ಮಾತು ಹೇಳಿದರೋ ಇಲ್ಲವೋ, ಅವರು ಕೈ ತೊಳೆದು ಕರಿ ಚೀಲ ಹಿಡಿದು ಹೊರಟೇಬಿಟ್ಟರು. ಹೊಳೆ ದಾಟಿ ಮೂಡಲಗಿಯ ರಸ್ತೆ ಹಿಡಿದೆವು. ಬಿಸಿಲು ನೆತ್ತಿ ಸುಡುತ್ತಿತ್ತು. ಇಂಜಿನ್ ಒಂದೇ ಲಯದಲ್ಲಿ ಗುನುಗುತ್ತಿತ್ತು. ನನ್ನ ಅಂಗೈ ಬೆವೆತು ಹಲಗೆಗೆ ಅಂಟಿಕೊಂಡಿತ್ತು. ಎತ್ತಿದರೆ ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂದು ಮುಖಕ್ಕೆ ಕೂತ ನೊಣವನ್ನೂ ಓಡಿಸಲಿಲ್ಲ.

ತುಕ್ಕಾನಟ್ಟಿಯ ಹತ್ತಿರ ಏರು ಬಂತು. ಮಾವನವರು ತಟ್ಟನೆ ನಿಲ್ಲಿಸಿದರು.

"ಮಗಳ ಮನಿಗೆ ಬರುವಾಗ ಇಲ್ಲೇ ಯಾವಾಗಲೂ ಕೆಂಪಿಗೆ ಹೋಗತಿತ್ತು" ಎಂದರು.

ಹಿಂದಿನಿಂದ ಅತ್ತೆ "ಯಾಕ ನಿಂದರಿಸಿದ್ರಿ?" ಎಂದು ಕೂಗಿದರು. ನಾನು ಇಳಿದೆ. ಸೆರಗಿನ ತುದಿಯನ್ನು ನೀರಿನ ತಂಬಿಗೆಯಲ್ಲಿ ಅದ್ದಿ, ಬಗ್ಗಿ, ಎಣ್ಣೆಯ ತೊಟ್ಟಿಗೆ ಒತ್ತಿದೆ. ಕಾದ ಹಂಚಿನ ಮೇಲೆ ನೀರು ಬಿದ್ದರೆ ಚುರ್ ಎನ್ನುತ್ತದಲ್ಲ, ಅಂಥದ್ದೇನೂ ಆಗಲಿಲ್ಲ. ಹಸಿ ಕಲೆ ಮೂಡಿ ನಿಧಾನವಾಗಿ ಆರಿತು. ಮಾವನವರೂ ಇಳಿದು ಬಂದು ಮಂಡಿಯೂರಿ ಅದನ್ನೇ ನೋಡುತ್ತಿದ್ದರು. ಇನ್ನೊಮ್ಮೆ ಒತ್ತಿದೆ. ಅದೂ ಹಾಗೇ ಆರಿತು. ಅವರು ನನ್ನ ಮುಖ ನೋಡಿದರು. ನಾನು ರಸ್ತೆಯತ್ತ ಕೈ ತೋರಿಸಿದೆ. ಆಮೇಲೆ ಅವರು ಎಲ್ಲಿಯೂ ನಿಲ್ಲಿಸಲಿಲ್ಲ.

ಮೂಡಲಗಿಯ ಮನೆಯೆದುರು ಹೆಂಗಸರು ಸೇರಿದ್ದರು. ನರ್ಸಬಾಯಿ ಒಳಗೆ ಹೋದರು, ಹಿಂದೆಯೇ ಅತ್ತೆ, ಹಿಂದೆಯೇ ನಾನು. ಮಾವನವರು ಕಟ್ಟೆಯ ಮೇಲೆ ಉಳಿದರು. ಒಳಗಿನ ಆ ಹೊತ್ತನ್ನು ನಾನು ವಿವರಿಸುವುದಿಲ್ಲ. ನಾದಿನಿ ನನ್ನ ಮಣಿಕಟ್ಟು ಹಿಡಿದ ಬಿಗಿಗೆ ಬಳೆ ಒಡೆದು ಗಾಯವಾಯಿತು. ಅದು ನನಗೆ ಗೊತ್ತಾದದ್ದು ಎಷ್ಟೋ ಹೊತ್ತಿನ ಮೇಲೆ. ಕೂಸು ಹುಟ್ಟಿ ಮೊದಲು ಸುಮ್ಮನಿತ್ತು. ನರ್ಸಬಾಯಿ ಅದನ್ನು ತಲೆಕೆಳಗು ಮಾಡಿ ಬೆನ್ನು ತಟ್ಟಿದರು. ಆಮೇಲೆ ಮನೆಯೇ ತುಂಬುವ ಹಾಗೆ ಅತ್ತಿತು. ಅತ್ತೆ ಗೋಡೆಗೆ ಒರಗಿ ಅಲ್ಲೇ ಕೂತುಬಿಟ್ಟರು.

ನಾನು ಹೊರಗೆ ಓಡಿದೆ. ಮಾವನವರಿಗೆ ಆ ಅಳು ಕೇಳಿರಲಿಲ್ಲ. ಅವರು ಮೊದಲಿನ ಹಾಗೆಯೇ, ಮೊಣಕಾಲ ಮೇಲೆ ಕೈಯಿಟ್ಟು, ನೆಲ ನೋಡುತ್ತ ಕೂತಿದ್ದರು. ಪಾಟಿ ಹುಕ್ಕೇರಿಯಲ್ಲೇ ಉಳಿದಿತ್ತು. ಅವರೆದುರು ಬಗ್ಗಿ, ಅವರು ತಲೆಯೆತ್ತಿದಾಗ, ಬಾಯಿಬಿಟ್ಟು ಹೇಳಿದೆ.

"ಹೆಣ್ಣ ಹುಟ್ಟೈತ್ರಿ ಮಾವಾರ. ಇಬ್ಬರೂ ಆರಾಮ ಅದಾರ."

ಅದೇ ನಾನು ಅವರೊಡನೆ ಆಡಿದ ಮೊದಲ ಮಾತು. ಅವರು ನನ್ನ ತುಟಿ ಓದಿದರು. "ಇನ್ನೊಮ್ಮೆ ಹೇಳವಾ" ಎಂದರು. ತಿಳಿಯದೆ ಕೇಳಿದ್ದಲ್ಲ ಅದು, ನನಗೆ ಗೊತ್ತು. ಇನ್ನೊಮ್ಮೆ ಹೇಳಿದೆ.

ಕೂಸನ್ನು ಅರಿವೆಯಲ್ಲಿ ಸುತ್ತಿ ನರ್ಸಬಾಯಿ ಬಾಗಿಲಿಗೆ ತಂದರು. ಅದು ಇನ್ನೂ ಅಳುತ್ತಿತ್ತು. ಕೆಂಪಗೆ, ಬಾಯಿ ಇಷ್ಟಗಲ. "ಅಳಾಕತ್ತೈತೇನು?" ಎಂದು ಮಾವನವರು ಕೇಳಿದರು. ನರ್ಸಬಾಯಿಗೆ ಅವರ ಕಿವಿಯ ಸಂಗತಿ ದಾರಿಯಲ್ಲೇ ತಿಳಿದಿತ್ತು. ಏನೂ ಹೇಳದೆ ಅವರ ಕೈ ಹಿಡಿದು ಕೂಸಿನ ಬೆನ್ನಿನ ಮೇಲೆ ಇಟ್ಟರು. ಹೆರಿಗೆ ಮನೆಯ ಸೂತಕ, ಮುಟ್ಟಬ್ಯಾಡ್ರಿ ಎನ್ನಬೇಕಾದ ಅತ್ತೆ ಸುಮ್ಮನೆ ನೋಡುತ್ತ ನಿಂತರು. ಮಾವನವರ ಅಂಗೈಯಡಿ ಆ ಪುಟ್ಟ ಬೆನ್ನು ಹಿಗ್ಗಿ ಕುಗ್ಗಿ ನಡುಗುತ್ತಿತ್ತು. "ಭಾಳ ಜೋರ ಐತಿ" ಎಂದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಂದಿನ ವಾರ ಗೋಕಾಕದ ಗಡಿಯಾರದವರು ಬಿಲ್ಲೆ ತೆರೆದರು. ಕೊಳವೆಯನ್ನು ಕುದಿಯುವ ನೀರಲ್ಲಿಟ್ಟುಕೊಂಡು, ಮುಳ್ಳನ್ನು ಎತ್ತಿ, ಅದು ಇರಬೇಕಾದ ಅಂಕಿಯ ಮೇಲೆ ಕೂರಿಸಿ ಒತ್ತಿದರು. ಚಹಾ ಕುದಿಯುವಷ್ಟು ಹೊತ್ತಿನ ಕೆಲಸ. ಮಾವನವರು ಮೊದಲಿನಂತೆ ಪೇಟೆಗೆ ಹೋಗಿ ಊಟದ ಹೊತ್ತಿಗೆ ಮನೆಗೆ ಬರತೊಡಗಿದರು.

ಆ ಮೋಟಾರು ಬಹಳ ವರ್ಷ ನಮ್ಮಲ್ಲಿ ಉಳಿಯಲಿಲ್ಲ. ಯುದ್ಧ ಬಂತು, ಪೆಟ್ರೋಲಿಗೆ ಚೀಟಿ ಬಂತು, ಅಂಕಲಗಿಯ ಒಬ್ಬರು ಅದನ್ನು ಕೊಂಡು ಒಯ್ದರು. ಅದಕ್ಕೆ ಮುಂಚಿನ ಒಂದು ಪ್ರಯಾಣ ಮಾತ್ರ ನನಗೆ ಆಗಾಗ ನೆನಪಾಗುತ್ತದೆ. ಶ್ರಾವಣದಲ್ಲಿ ನಾದಿನಿಯನ್ನೂ ಕೂಸನ್ನೂ ಹುಕ್ಕೇರಿಗೆ ಕರೆದುಕೊಂಡು ಬರುತ್ತಿದ್ದೆವು. ನಾನು ಮುಂದೆ, ಅವರು ಮೂವರು ಹಿಂದೆ. ಘಟಪ್ರಭೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ದಂಡೆಯ ಬಳಿ ಮಾವನವರು ಗಾಡಿ ನಿಲ್ಲಿಸಿದರು.

"ಮತ್ತೇನಾತ್ರಿ?" ಎಂದು ಅತ್ತೆ ಗಾಬರಿಯಾದರು. ನಾನು ಮಾವನವರತ್ತ ತಿರುಗಿ ಅದನ್ನೇ ತುಟಿಯಲ್ಲಿ ಹೇಳಿದೆ.

"ಏನೂ ಆಗಿಲ್ಲ" ಎಂದರು ಮಾವನವರು. "ಕೂಸಿಗೆ ಹೊಳಿ ತೋರಸೂಣು ಅಂತ."

ಕೂಸು ಗಾಢ ನಿದ್ದೆಯಲ್ಲಿತ್ತು. ದಂಡೆಯ ಮೇಲೆ ಒಬ್ಬಾಕೆ ಪೇರಲಹಣ್ಣು ಮಾರುತ್ತ ಕೂತಿದ್ದಳು. ಅತ್ತೆ ಇಳಿದು ಹೋಗಿ, ಒಂದೊಂದನ್ನೂ ಮೂಸಿ ನೋಡಿ, ಉಡಿಯ ತುಂಬ ಆರಿಸಿಕೊಂಡು ಬಂದರು. ಎಲ್ಲರಿಗೂ ಕೊಟ್ಟು ತಾವೂ ಒಂದನ್ನು ಕಚ್ಚಿದರು. ಹಣ್ಣು ಇನ್ನೂ ದೋರೆಯಾಗಿತ್ತು. ಮಳೆಯ ಸಣ್ಣ ಹನಿ ಶುರುವಾಗುವವರೆಗೂ ನಾವು ಅಲ್ಲಿ ಹಣ್ಣು ತಿನ್ನುತ್ತ ನಿಂತಿದ್ದೆವು.